ಕುಂಡೆಕುಸ್ಕ ಹೋದ ದಿನ

ಸುಳ್ಳು ಹೇಳುವುದು ನನಗೆ ಹೊಸದಲ್ಲ. ಮೂವತ್ತೆರಡು ವರ್ಷ ಅತ್ತೆಯ ಕೈಕೆಳಗೆ ಬಾಳಿದವಳು ಸುಳ್ಳೇ ಹೇಳಿಲ್ಲ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಹಾಲು ಕಡಿಮೆಯಾದದ್ದಕ್ಕೆ ಬೆಕ್ಕನ್ನು ದೂರಿದ್ದೇನೆ. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಆದರೆ ಸುಳ್ಳು ಬರೆದದ್ದು ಒಂದೇ ಸಲ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿಕೊಂಡವಳಿಗೆ ಬರೆಯುವ ಸಂದರ್ಭವೇ ಅಪರೂಪ. ಸಿಕ್ಕ ಸಂದರ್ಭವನ್ನು ಹೀಗೆ ಕೆಡಿಸಿಕೊಂಡೆ, ಅದೂ ಅಂಗೈಯಗಲದ ಒಂದು ಹಕ್ಕಿಯ ವಿಷಯದಲ್ಲಿ.

ಆ ಹಕ್ಕಿಯ ಹೆಸರು ಕುಂಡೆಕುಸ್ಕ. ನಗುವವರು ನಗಲಿ, ಹೆಸರಿಟ್ಟವಳು ನಾನಲ್ಲ. ಗುಬ್ಬಿಗಿಂತ ಚೂರು ಉದ್ದ, ಬೆನ್ನು ಬೂದಿ ಬಣ್ಣ, ಹೊಟ್ಟೆ ಅರಿಶಿನ. ನಿಂತಲ್ಲಿ ನಿಲ್ಲದೆ ಬಾಲದ ಕಡೆಯ ಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಎಲ್ಲೋ ಹಿಮಾಲಯದ ಕಡೆಗೆ ಹೋಗಿ, ಮೊಟ್ಟೆಯಿಟ್ಟು ಮರಿ ಮಾಡಿ, ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ವಿಮಾನಪುರದ ಕ್ವಾರ್ಟರ್ಸಿನ ಹಿಂದಿನ ಮೋರಿಗೆ ವಾಪಸು ಬರುತ್ತದೆ. ಹಿಮಾಲಯ ನೋಡಿ ಬಂದ ಹಕ್ಕಿಗೆ ನಮ್ಮ ಮೋರಿಯಲ್ಲಿ ಅಂಥದ್ದೇನು ಕಂಡಿತೋ. ನಾನು ಹಿಮಾಲಯ ನೋಡಿಲ್ಲ, ಹೋಲಿಸಿ ಹೇಳಲಾರೆ.

ನನ್ನ ಮಗ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುದರಿಂದ ನಮಗೆ ಆ ಕ್ವಾರ್ಟರ್ಸು. ಹಿಂದೆ ನಲ್ಲಿ, ನಲ್ಲಿಯ ಪಕ್ಕ ಒಗೆಯುವ ಕಲ್ಲು, ಕಲ್ಲಿನಿಂದ ಇಳಿದ ನೀರೆಲ್ಲ ಮೋರಿಗೆ. ಒಂದು ದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಬೆಡ್‌ಶೀಟು ಒಗೆಯುತ್ತಿದ್ದೆ. ತಲೆಯೆತ್ತಿದರೆ, ಮೋರಿಯ ಆಚೆ ಹೊಂಗೆ ಮರಕ್ಕೆ ಸೈಕಲ್ಲು ಒರಗಿಸಿಕೊಂಡು ಒಬ್ಬ ಮನುಷ್ಯ ನಿಂತಿದ್ದಾನೆ. ಕಣ್ಣಿಗೆ ದುರ್ಬೀನು. ದುರ್ಬೀನು ನೇರ ನಮ್ಮ ಕಡೆಗೆ!

“ಯಾವನಯ್ಯ ನೀನು? ಹೆಂಗಸ್ರು ಬಟ್ಟೆ ಒಗೆಯೋ ಕಡೆ ದುರ್ಬೀನು ಹಾಕ್ಕೊಂಡು ನೋಡ್ತೀಯಲ್ಲ, ನಾಚ್ಕೆ ಆಗಲ್ವಾ? ತಲೆ ಬೇರೆ ನೆರೆತಿದೆ!” ಎಂದೆ.

ಆತ ಬೆದರಿ ದುರ್ಬೀನು ಇಳಿಸಿದರು. “ಅಯ್ಯೋ, ನಿಮ್ಮನ್ನಲ್ಲಮ್ಮಾ! ಪಕ್ಷಿ ಅಮ್ಮಾ, ಪಕ್ಷಿ!”

ನಿಮ್ಮನ್ನಲ್ಲ ಎಂದಾಗ ನನಗೆ ಸಮಾಧಾನವಾಯಿತೋ ಬೇಜಾರಾಯಿತೋ, ಈಗ ಹೇಳುವುದು ಕಷ್ಟ. ಆತ ತೋರಿಸಿದ ಕಡೆ ನೋಡಿದರೆ ದಿನಾ ಕಾಣುವ ಅದೇ ಕುಂಡೆಕುಸ್ಕ.

“ಇದಾ? ಇದಕ್ಕೆ ದುರ್ಬೀನು ಬೇಕಾ? ಗಣಪತಿ ಬಿಟ್ಟ ಮೇಲೆ ಬರುತ್ತೆ, ಯುಗಾದಿ ಹೊತ್ತಿಗೆ ಹೋಗುತ್ತೆ. ಪ್ರತಿ ವರ್ಷ ಅಷ್ಟೆ.”

ಆತ ದುರ್ಬೀನು ಚೀಲಕ್ಕೆ ಹಾಕಿ ಪುಸ್ತಕ ತೆಗೆದರು. “ಇನ್ನೊಂದ್ ಸಲ ಹೇಳಿ ಅಮ್ಮಾ. ಮೆಲ್ಲಗೆ ಹೇಳಿ.”

ಅವರೇ ಆರೋಗ್ಯಸ್ವಾಮಿ ಮೇಷ್ಟ್ರು. ಕಾಕ್ಸ್ ಟೌನಿನವರು, ಶಾಲೆಯಿಂದ ನಿವೃತ್ತರಾದವರು. ಮನೆಯಲ್ಲಿ ತಮಿಳು, ಪಾಠಕ್ಕೆ ಇಂಗ್ಲಿಷು, ನಮ್ಮಂಥವರ ಹತ್ತಿರ ಕನ್ನಡ. ಊರಿನ ಈ ಪೂರ್ವದ ಕಡೆ ಇರುವ ಏಳೆಂಟು ಜನರನ್ನು ಕಲೆಹಾಕಿ ಅವರೊಂದು ಕೆಲಸ ನಡೆಸುತ್ತಿದ್ದರು. ಯಾವ ಹಕ್ಕಿ ಯಾವಾಗ ಬಂತು, ಯಾವಾಗ ಹೋಯಿತು, ಎಲ್ಲಿ ಗೂಡು ಕಟ್ಟಿತು ಎಂದು ನೋಡಿ ಬರೆದಿಡುವ ಕೆಲಸ. ಸಂಬಳವಿಲ್ಲ, ಸರ್ಟಿಫಿಕೇಟಿಲ್ಲ.

“ಇದ್ರಿಂದ ಏನ್ ಸಿಗುತ್ತೆ ಮೇಷ್ಟ್ರೇ?” ಎಂದು ಕೇಳಿದ್ದೆ.

“ಏನೂ ಸಿಗಲ್ಲಮ್ಮಾ. ತಿಳಿಯುತ್ತೆ, ಅಷ್ಟೆ.”

ಆ ಉತ್ತರ ನನಗೆ ಹಿಡಿಸಿತು. ಏನಾದರೂ ಸಿಗುತ್ತದೆ ಎಂದಿದ್ದರೆ ಅನುಮಾನಪಡುತ್ತಿದ್ದೆ.

ಮುಂದಿನ ಭಾದ್ರಪದದಲ್ಲಿ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ. ಗಟ್ಟಿ ರಟ್ಟು, ಗೆರೆ ಎಳೆದ ಚೌಕಗಳು. ಎಡಕ್ಕೆ ಇಪ್ಪತ್ತನಾಲ್ಕು ಹಕ್ಕಿಗಳ ಹೆಸರು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಮೇಷ್ಟ್ರ ಕೈಬರಹದ ಕನ್ನಡ. ಮುಂದೆ ಮೂರು ಸಾಲು: ಮೊದಲು ಕಂಡ ದಿನ, ಕೊನೆಗೆ ಕಂಡ ದಿನ, ಗೂಡು. ಕುಂಡೆಕುಸ್ಕದ ಎದುರಿಗೆ ಮರ್ಯಾದಸ್ಥರಾಗಿ ‘ಬಾಲದ ಹಕ್ಕಿ’ ಎಂದು ಬರೆದಿದ್ದರು. ನಾನು ಅದನ್ನು ಹೊಡೆದುಹಾಕಿ ಸರಿಯಾದ ಹೆಸರು ಬರೆದೆ.

ಕಾರ್ಡಿನ ಬೆನ್ನಿಗೆ ವಿಳಾಸ: ಶ್ರೀಮತಿ ಗಿರಿಜಮ್ಮನವರಿಗೆ. ಇದನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮನೆಗೆ ಬರುವ ಕಾಗದವೆಲ್ಲ ಮೊದಲು ಮಾವನವರ ಹೆಸರಿಗೆ ಬರುತ್ತಿತ್ತು, ಆಮೇಲೆ ನನ್ನ ಗಂಡನ ಹೆಸರಿಗೆ, ಅವರು ಹೋದ ಮೇಲೆ ಮಗನ ಹೆಸರಿಗೆ. ನನ್ನ ತಾಯಿ ಸತ್ತ ಸುದ್ದಿಯ ಕಾಗದ ಕೂಡ ಮಾವನವರ ಹೆಸರಿಗೇ ಬಂದಿತ್ತು. ಐವತ್ತೆಂಟು ವರ್ಷದವಳಿಗೆ ಅಂಚೆಯಲ್ಲಿ ಬಂದ ಮೊದಲ ಕಾಗದ ಹಕ್ಕಿಯ ಕಾರ್ಡು. ವರ್ಷಕ್ಕೊಂದು ಬರುತ್ತಿತ್ತು. ಅದು ಬಿಟ್ಟು ನನ್ನ ಹೆಸರಿಗೆ ಬೇರೆ ಕಾಗದ ಬರಲಿಲ್ಲ, ಬರಬೇಕೆಂದು ನಾನು ಕಾಯಲೂ ಇಲ್ಲ. ಅದೊಂದು ಬಂದರೆ ಸಾಕಿತ್ತು.

ನೋಡುವುದು ಸುಲಭ ಎಂದುಕೊಂಡಿದ್ದೆ. ಕಣ್ಣಿದ್ದ ಮೇಲೆ ನೋಡುವುದೇನು ದೊಡ್ಡ ವಿದ್ಯೆ? ಆದರೆ ಹೋಗುವ ಹಕ್ಕಿಯನ್ನು ನೋಡುವುದು ಬಲು ಪೇಚಿನ ಕೆಲಸ. ಬಂದ ದಿನ ಗೊತ್ತಾಗುತ್ತದೆ. ನಿನ್ನೆ ಇರಲಿಲ್ಲ, ಇವತ್ತು ಇದೆ. ಹೋಗುವಾಗ ಹೇಳಿ ಹೋಗುವುದಿಲ್ಲ. ಇವತ್ತು ಕಂಡಿತು, ನಾಳೆ ಕಾಣಲಿಲ್ಲ, ನಾಡಿದ್ದೂ ಇಲ್ಲ. ನಾಲ್ಕು ದಿನ ಕಾದು, ಹಿಂದಕ್ಕೆ ತಿರುಗಿ, ಅವತ್ತು ಕಂಡದ್ದೇ ಕೊನೆ ಎಂದು ಬರೆಯಬೇಕು. ಅದಕ್ಕೆ ನಾನು ಒಗೆಯುವ ಕಲ್ಲಿನಿಂದ ಎದ್ದು ಒಳಗೆ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಚುಕ್ಕೆ ಇಡುತ್ತಿದ್ದೆ. ಚುಕ್ಕೆ ನಿಂತಲ್ಲಿ ಹಕ್ಕಿ ಹೋಯಿತು.

ಸಣ್ಣಪುಟ್ಟ ಫಜೀತಿಗಳೂ ಆದವು. ಯುದ್ಧದ ಚಳಿಗಾಲದಲ್ಲಿ ಬಾಂಬಿನ ಭಯಕ್ಕೆ ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ದಿನಗಳಲ್ಲಿ, ನಾನು ಕಾರ್ಖಾನೆಯ ಕಾಂಪೌಂಡಿನ ಕಡೆ ಮುಖ ಮಾಡಿ ಹದ್ದಿನ ಗೂಡು ನೋಡುತ್ತ ನಿಂತಿದ್ದೆ. ಕೈಯಲ್ಲಿ ಪೆನ್ಸಿಲ್ಲು. ವಾಚ್‌ಮನ್ನು ಓಡಿಬಂದ.

“ಅಜ್ಜೀ, ಏನ್ ಬರ್ಕೋತಾ ಇದ್ದೀರಾ?”

“ಹದ್ದು ಕಡ್ಡಿ ತಂದಿದ್ದನ್ನ.”

“ಯಾರಿಗೆ ಕೊಡ್ತೀರಾ?”

“ಕಾಕ್ಸ್ ಟೌನ್ ಮೇಷ್ಟ್ರಿಗೆ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಶತ್ರುಗಳು ಇಷ್ಟು ವಯಸ್ಸಾದವಳನ್ನು ಕಳಿಸಲಾರರು ಎಂದು ತೀರ್ಮಾನಿಸಿ ಹೊರಟುಹೋದ.

ಆ ಚಳಿಗಾಲ ಕಳೆದ ಮೇಲೆ ನಡೆದದ್ದೇ ನನ್ನ ಸುಳ್ಳಿನ ಕಥೆ. ಕೆ.ಆರ್. ಪುರದಲ್ಲಿದ್ದ ಮಗಳಿಗೆ ಮೂರನೆಯ ಹೆರಿಗೆ. ಮೂರನೆಯದಕ್ಕೆಲ್ಲ ತವರಿಗೆ ಬರಲ್ಲ, ನೀನೇ ಬಾ ಎಂದಳು. ಶಿವರಾತ್ರಿ ಮುಗಿಸಿ ಹೋದವಳು ವಾಪಸು ಬಂದದ್ದು ಏಪ್ರಿಲ್ ಮುಗಿಯುವಾಗ. ಬಂದು ನೋಡಿದರೆ ಮೋರಿ ಖಾಲಿ, ಕ್ಯಾಲೆಂಡರಿನಲ್ಲಿ ಚುಕ್ಕೆಯಿಲ್ಲ.

“ಕುಂಡೆಕುಸ್ಕ ಯಾವತ್ತು ಹೋಯ್ತೇ?” ಎಂದು ಸೊಸೆ ಸರೋಜಳನ್ನು ಕೇಳಿದೆ.

“ನಲ್ಲೀಲಿ ನೀರು ಯಾವಾಗ ಹೋಯ್ತು ಅಂತ ಕೇಳಿ ಅತ್ತೆ, ಹೇಳ್ತೀನಿ. ಹಕ್ಕಿ ನಂಗೊತ್ತಿಲ್ಲ,” ಎಂದಳು. ಅವಳು ಹೇಳಿದ್ದು ನ್ಯಾಯವೇ.

ಕಾರ್ಡು ತುಂಬಿ ಮೇಷ್ಟ್ರಿಗೆ ಹಿಂತಿರುಗಿಸುವ ವಾರ ಬಂದಿತ್ತು. ಇಪ್ಪತ್ತನಾಲ್ಕು ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಇಲ್ಲಿ ನಮ್ಮತ್ತೆ ನನ್ನ ಕೈ ಹಿಡಿದರು. ಅವರು ಸತ್ತು ಹದಿನೈದು ವರ್ಷವಾಗಿತ್ತು, ಆದರೂ ಹಿಡಿದರು. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ, ಆ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು; ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮದುವೆಯಾಗಿ ಬಂದ ವಾರದಲ್ಲೇ ನಾನೊಂದು ತೊಳೆದ ಡಬರಿಯನ್ನು ಹಾಗೇ ಕೊಟ್ಟು, “ನಿಮ್ಮಪ್ಪನ ಮನೇಲಿ ಇದೇನಾ ಕಲಿಸಿದ್ದು?” ಎಂದು ಬೈಸಿಕೊಂಡಿದ್ದೆ. ಆ ಮಾತು ಒಂದು ಸಲ ಕಿವಿಗೆ ಬಿದ್ದರೆ ಸಾಯುವ ತನಕ ಇಳಿಯುವುದಿಲ್ಲ. ಅಷ್ಟು ದೂರದಿಂದ ನನ್ನ ಹೆಸರಿಗೆ ಕಾರ್ಡು ಕಳಿಸಿದ್ದಾರೆ. ಬರಿದಾಗಿ ವಾಪಸು ಕೊಡುವುದೆ?

ಹಾಗಾಗಿ ತುಂಬಿದೆ. ಗುಬ್ಬಿ: ಮೀಟರ್ ಬೋರ್ಡಿನ ಹಿಂದೆ ಪ್ರತಿ ವರ್ಷ ಕಟ್ಟುತ್ತದೆ, ‘ಗೂಡು ಇದೆ’ ಎಂದು ಬರೆದೆ. ಕೋಗಿಲೆ ಕೂಗಿದ ದಿನ: ಮಗಳ ಮನೆಯಲ್ಲಿ ಕೇಳಿದ ದಿನವನ್ನೇ ಹಾಕಿದೆ, ಕೆ.ಆರ್. ಪುರದ ಕೋಗಿಲೆಗೂ ವಿಮಾನಪುರದ ಕೋಗಿಲೆಗೂ ಅಷ್ಟೇನು ವ್ಯತ್ಯಾಸ? ಕುಂಡೆಕುಸ್ಕ ಕೊನೆಗೆ ಕಂಡ ದಿನ: ಯುಗಾದಿ. ಪ್ರತಿ ವರ್ಷ ಅಷ್ಟೇ ತಾನೆ. ಸರೋಜ ಕ್ಯಾಲೆಂಡರ್ ನೋಡಿ ತಾರೀಕು ಹೇಳಿದಳು, ನಾನು ಬರೆದೆ.

ತಮಾಷೆಯೆಂದರೆ ಮನೆಯಲ್ಲಿ ಪಂಚಾಂಗ ಬಲ್ಲವಳು ನಾನೇ. ನಮ್ಮ ತಿಂಗಳುಗಳು ಚಂದ್ರನ ಹಿಂದೆ ಓಡಾಡುತ್ತವೆ. ಹಾಗಾಗಿ ಯುಗಾದಿ ವರ್ಷಕ್ಕೆ ಹತ್ತು ಹನ್ನೊಂದು ದಿನದಂತೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೋಗಿ, ಅಧಿಕಮಾಸ ಬಂದಾಗ ಒಂದೇ ನೆಗೆತಕ್ಕೆ ಮುಂದೆ ಬಂದು ಕೂರುತ್ತದೆ. ಇದನ್ನು ಬೀದಿಯವರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನು. ಆ ವರ್ಷ ಯುಗಾದಿ ಸರಿದು ಸರಿದು ಮಾರ್ಚ್ ಮಧ್ಯಕ್ಕೆ ಬಂದಿತ್ತು. ಹಕ್ಕಿಗೆ ಪಂಚಾಂಗ ಗೊತ್ತಿಲ್ಲ, ಅದು ಬಿಸಿಲು ನೋಡಿಕೊಂಡು ಹೊರಡುತ್ತದೆ. ಅದಕ್ಕೆ ಗೊತ್ತಿದ್ದಷ್ಟು ನನಗೆ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮೇಷ್ಟ್ರು ಎಲ್ಲರನ್ನೂ ತಮ್ಮ ಮನೆಯ ವರಾಂಡಕ್ಕೆ ಕರೆಯುವ ಪದ್ಧತಿ. ಹಲಸೂರಿನಿಂದ ಒಬ್ಬ ನರ್ಸಮ್ಮ ಬರುತ್ತಿದ್ದಳು, ವಿಮಾ ಕಚೇರಿಯ ಗುಮಾಸ್ತರೊಬ್ಬರು, ಪಿಂಚಣಿಯ ಸುಬೇದಾರರೊಬ್ಬರು, ಇನ್ನೂ ಕೆಲವರು. ಬೇಕರಿಯಿಂದ ಕೇಕು. ನಾನು ಮೊಟ್ಟೆ ತಿನ್ನುವುದಿಲ್ಲವೆಂದು ನನಗೊಬ್ಬಳಿಗೇ ಬೇರೆ ಬಿಸ್ಕತ್ತು ತರಿಸಿಡುತ್ತಿದ್ದರು. ಆ ಭಾನುವಾರ ಮೇಷ್ಟ್ರ ಮುಖ ಹಬ್ಬದ ಹಾಗಿತ್ತು.

“ಈ ವರ್ಷ ಒಂದು ದೊಡ್ಡ ವಿಷಯ ಇದೆ,” ಎಂದು ನನ್ನ ಕಾರ್ಡು ಎತ್ತಿ ಹಿಡಿದರು. “ವಿಮಾನಪುರದಲ್ಲಿ ಬಾಲದ ಹಕ್ಕಿ ಮೂರು ವಾರ ಮೊದಲೇ ಹೊರಟುಹೋಗಿದೆ. ಐದು ವರ್ಷದಲ್ಲಿ ಹೀಗಾಗಿಲ್ಲ. ಬೇಸಿಗೆ ಬೇಗ ಬಂದಿದ್ದು ನಮಗಿಂತ ಮೊದ್ಲು ಅದಕ್ಕೆ ಗೊತ್ತಾಗಿದೆ!” ಇದರ ಮೇಲೆ ನಾಲ್ಕು ಪುಟದ ಲೇಖನ ಬರೆದಿದ್ದರು. ಹಕ್ಕಿಗಳ ಪತ್ರಿಕೆಯೊಂದಕ್ಕೆ ಮುಂದಿನ ವಾರ ಕಳಿಸುವುದಂತೆ. ಮೂವತ್ತು ವರ್ಷದಿಂದ ಹಕ್ಕಿ ನೋಡುತ್ತ ಬಂದಿದ್ದಾರೆ, ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕುಂಡೆಕುಸ್ಕ ದಿನವೂ ಬರುವ ಮೋರಿ ಇದ್ದದ್ದು ನನ್ನ ಮನೆಯ ಹಿಂದೆ ಮಾತ್ರ. ಆದ್ದರಿಂದ ನಾಲ್ಕು ಪುಟವೂ ನಿಂತಿದ್ದದ್ದು ನನ್ನ ಒಂದು ಯುಗಾದಿಯ ಮೇಲೆ.

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಎದುರಿಗಿದ್ದವರಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾಳೆ ಎಂದು ಹೆಸರು ಪಡೆದವಳು ನಾನು. ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಸುಮ್ಮನೆ ಕೂತೆ. ಈಗ ಹೇಳಿದರೆ ಕಾರ್ಡು ಹೋಗುತ್ತದೆ. ಒಂದು ಸುಳ್ಳು ಬರೆದವಳಿಗೆ ಮುಂದಿನ ವರ್ಷ ಯಾವ ಮೇಷ್ಟ್ರು ಕಾರ್ಡು ಕಳಿಸುತ್ತಾರೆ? ಹೇಳದಿದ್ದರೆ ಮೇಷ್ಟ್ರ ಮರ್ಯಾದೆ ಹೋಗುತ್ತದೆ. ನಾನು ಕಾರ್ಡನ್ನು ಉಳಿಸಿಕೊಂಡೆ. ಬಸ್ಸಿನಲ್ಲಿ ಬರುವಾಗ, ಒಂದು ಹಕ್ಕಿ ಮೂರು ವಾರ ಮೊದಲು ಹೋದರೆ ಯಾರ ಗಂಟು ಹೋಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತ ಬಂದೆ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಯಾಕೋ ಮೀಟರ್ ಬೋರ್ಡಿನ ಕಡೆ ತಲೆಯೆತ್ತಿದೆ. ಕೆ.ಆರ್. ಪುರದಿಂದ ಬಂದ ಮೇಲೆ ದಿನಕ್ಕೆ ಹತ್ತು ಸಲ ಅದರ ಕೆಳಗೆ ಓಡಾಡಿದ್ದೆ, ತಲೆಯೆತ್ತಿದ್ದು ಅವತ್ತೇ. ಗೂಡಿಲ್ಲ. ಒಂದು ಹುಲ್ಲುಕಡ್ಡಿಯೂ ಇಲ್ಲ. ಹೊಸ ಸುಣ್ಣ ಬೆಳ್ಳಗೆ ಹೊಳೆಯುತ್ತಿದೆ.

“ಸರೋಜಾ, ಗುಬ್ಬಿ ಗೂಡೆಲ್ಲೇ?”

“ನೀವು ಅತ್ತಿಗೆ ಮನೇಲಿದ್ದಾಗ ಸುಣ್ಣ ಹೊಡೆಸಿದ್ವಲ್ಲ ಅತ್ತೆ, ಆಗ ತೆಗೆಸ್ಬಿಟ್ಟೆ. ನಿಮಗೆ ಹೇಳಿದ್ರೆ ಬೈತೀರಾ ಅಂತ ಹೇಳ್ಲಿಲ್ಲ.”

ಬೈಯಲು ಬಾಯಿ ತೆರೆದೆ. ಏನೆಂದು ಬೈಯುವುದು? ಅವಳು ತೆಗೆಸಿದ್ದನ್ನು ಹೇಳಲಿಲ್ಲ. ನಾನು ನೋಡದ್ದನ್ನು ಇದೆ ಎಂದು ಬರೆದು, ನನ್ನ ತಲೆಯ ಮೇಲೇ ಇಲ್ಲದ ಗೂಡನ್ನು ಕಾಕ್ಸ್ ಟೌನಿಗೆ ಕಳಿಸಿದ್ದೆ. ಗುಬ್ಬಿಯ ವಿಷಯವೇ ಹೀಗಾದರೆ ಹಿಮಾಲಯಕ್ಕೆ ಹೋದ ಹಕ್ಕಿಯ ಗತಿಯೇನು! ನನಗೆ ಗೊತ್ತು ಎಂದುಕೊಂಡದ್ದೆಲ್ಲ ಹೋದ ವರ್ಷದ್ದು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಮೇಷ್ಟ್ರು ವರಾಂಡದಲ್ಲಿ ಲೇಖನದ ಪ್ರತಿ ತೆಗೆಯುತ್ತ ಕೂತಿದ್ದರು.

“ಆ ತಾರೀಕು ಸುಳ್ಳು ಮೇಷ್ಟ್ರೇ,” ಎಂದೆ. ಕೂತುಕೊಳ್ಳಲಿಲ್ಲ. “ನಾನು ಊರಲ್ಲೇ ಇರ್ಲಿಲ್ಲ. ಹಕ್ಕಿ ಯಾವಾಗ ಹೋಯ್ತೋ ದೇವರಿಗೇ ಗೊತ್ತು.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಒಳಗೆ ಅವರ ಮನೆಯವರು ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

“ಮತ್ತೆ ಯಾಕಮ್ಮಾ ಬರೆದ್ರಿ?”

“ಖಾಲಿ ಕೊಟ್ರೆ ಮರ್ಯಾದೆಯಲ್ಲ ಅಂತ.”

“ಖಾಲಿ ಕೊಟ್ರೆ ಮರ್ಯಾದೆಯಲ್ಲ ಅಂತ ಯಾರು ಹೇಳಿದ್ದು?”

“ನಮ್ಮತ್ತೆ.”

“ಅವರೂ ಪಕ್ಷಿ ನೋಡ್ತಿದ್ರಾ?”

“ಇಲ್ಲ. ಡಬರಿ ನೋಡ್ತಿದ್ರು.”

ಅವರು ನಗಲಿಲ್ಲ. ನನ್ನ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಒಂದೊಂದೇ ಹಕ್ಕಿಯ ಮೇಲೆ ಬೆರಳಿಟ್ಟು, “ಇದು ನೋಡಿದ್ದಾ?” ಎಂದು ಕೇಳುತ್ತ ಹೋದರು. ನೋಡಿದ್ದಕ್ಕೆ ಹೂಂ, ನೋಡದ್ದಕ್ಕೆ ಊಹೂಂ. ಊಹೂಂ ಎಂದದ್ದಕ್ಕೆ ಕೆಂಪು ಪೆನ್ಸಿಲಿನ ಗೆರೆ. ಇಪ್ಪತ್ತನಾಲ್ಕರಲ್ಲಿ ಉಳಿದದ್ದು ಒಂಬತ್ತು. ಆಮೇಲೆ ಲೇಖನದ ನಾಲ್ಕು ಪುಟವನ್ನು ನೀಟಾಗಿ ಮಡಿಸಿ ಡ್ರಾಯರಿಗೆ ಹಾಕಿದರು. ಹರಿದುಹಾಕಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

“ಹಿಂದಿನ ವರ್ಷದ್ದು?” ಎಂದರು.

“ಅವೆಲ್ಲ ನೋಡಿ ಬರೆದದ್ದು. ಚುಕ್ಕೆ ಇಟ್ಟ ಕ್ಯಾಲೆಂಡರುಗಳಿವೆ. ತಂದು ತೋರಿಸ್ತೀನಿ.”

“ಬೇಡಮ್ಮಾ. ನೋಡೋಣ,” ಎಂದರು. ಕ್ಯಾಲೆಂಡರು ಬೇಡ ಎಂದರೋ ನಾನೇ ಬೇಡ ಎಂದರೋ ತಿಳಿಯಲಿಲ್ಲ. ನೋಡೋಣ ಎನ್ನುವ ಮಾತನ್ನು ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ, ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಗಣಪತಿ ಹಬ್ಬ ಬಂತು, ಗಣಪತಿಯನ್ನು ಬಿಟ್ಟೂ ಆಯಿತು. ಕಾರ್ಡು ಬರಲಿಲ್ಲ. ಪಿತೃಪಕ್ಷದ ನಡುವೆ ಒಂದು ಬೆಳಿಗ್ಗೆ ಕುಂಡೆಕುಸ್ಕ ಬಂತು. ಏನೂ ಆಗಿಲ್ಲವೆಂಬಂತೆ ಮೋರಿಯ ಕಲ್ಲಿನ ಮೇಲೆ ಹಿಂಭಾಗ ಆಡಿಸುತ್ತ ನಿಂತಿತು. ಕಾರ್ಡಿಲ್ಲದಿದ್ದರೇನು, ಕ್ಯಾಲೆಂಡರು ನಮ್ಮ ಮನೆಯದೇ ಎಂದು ಒಳಗೆ ಹೋಗಿ ಚುಕ್ಕೆಯಿಟ್ಟೆ. ಅಂಚೆಯವನು ಗೇಟಿನ ಮುಂದೆ ಸೈಕಲ್ ನಿಲ್ಲಿಸಿದಾಗಲೆಲ್ಲ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದೆ ಎಂದು ಸರೋಜ ಹೇಳುತ್ತಾಳೆ. ಅದು ಅವಳ ಕಲ್ಪನೆ. ಗಾಳಿಗೆ ಬರುತ್ತಿದ್ದೆ.

ಆಯುಧಪೂಜೆ ಕಳೆದು ಎರಡು ದಿನಕ್ಕೆ ಕಾರ್ಡು ಬಂತು. ಶ್ರೀಮತಿ ಗಿರಿಜಮ್ಮನವರಿಗೆ. ಹೊಸದಾಗಿ ಅಚ್ಚು ಹಾಕಿಸಿದ್ದರಿಂದ ತಡವಂತೆ. ಅಡಿಯಲ್ಲಿ ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಸಾಲು ಸೇರಿಸಿದ್ದರು: ‘ಕಾಣದಿದ್ದರೆ ದಯವಿಟ್ಟು ಖಾಲಿ ಬಿಡಿ.’ ಅದರ ಕೆಳಗೆ ನನಗೆಂದು ಪೆನ್ನಿನಲ್ಲಿ ಎರಡು ಮಾತು. ನಾನು ಬಂದುಹೋದ ಮೇಲೆ ಮೇಷ್ಟ್ರು ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದು ಅದೇ ಪ್ರಶ್ನೆ ಕೇಳಿದರಂತೆ. ಗುಮಾಸ್ತರು ತುಂಬಿದ್ದರು, ಸುಬೇದಾರರು ತುಂಬಿದ್ದರು, ಹೆಚ್ಚುಕಡಿಮೆ ಎಲ್ಲರೂ ತುಂಬಿದ್ದರು. ನೋಡದ್ದನ್ನು ಖಾಲಿ ಬಿಟ್ಟವಳು ನರ್ಸಮ್ಮ ಒಬ್ಬಳೇ. ಥರ್ಮಾಮೀಟರ್ ಇಡದೆ ಜ್ವರ ಬರೆದರೆ ಏನಾಗುತ್ತದೆಂದು ಅವಳಿಗೆ ಆಸ್ಪತ್ರೆಯಲ್ಲಿ ಕಲಿಸಿದ್ದರು. ನಮಗೆಲ್ಲ ಕಲಿಸಿದವರು ನಮ್ಮ ನಮ್ಮ ಮನೆಯ ಹಿರಿಯರು.

ಆ ವಸಂತದಲ್ಲಿ ನಾನು ಎಲ್ಲಿಗೂ ಹೋಗಲಿಲ್ಲ. ಯುಗಾದಿಯ ದಿನ ಬೇವು ಬೆಲ್ಲ ತಿಂದು ಹಿತ್ತಲಿಗೆ ಹೋದರೆ ಕುಂಡೆಕುಸ್ಕ ಇನ್ನೂ ಅಲ್ಲೇ ಇತ್ತು. ಮುಂದಿನ ವಾರವೂ ಇತ್ತು. ಒಂದು ಬುಧವಾರದ ನಂತರ ಕಾಣಲಿಲ್ಲ. ನಾಲ್ಕು ದಿನ ಕಾದು, ಆ ಬುಧವಾರವನ್ನು ಬರೆದೆ. ಗುಬ್ಬಿಯ ಎದುರು ಏನೂ ಬರೆಯಲಿಲ್ಲ. ಅವು ಮೀಟರ್ ಬೋರ್ಡಿಗೆ ಮರಳಿ ಬಂದಿರಲಿಲ್ಲ. ಕಾರ್ಡನ್ನು ಅಂಚೆಗೆ ಹಾಕಲು ತೆಗೆದುಕೊಂಡ ಸರೋಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಏನ್ ಅತ್ತೆ ಇದು, ಅರ್ಧ ಖಾಲಿನೇ ಇದೆ? ಇನ್ನೊಂದೆರಡು ಬರೆದ್ಬಿಡಿ. ಚೆನ್ನಾಗಿರಲ್ಲ.”

“ಹಾಗೇ ಹಾಕು,” ಎಂದೆ.

ಮೇಷ್ಟ್ರ ಆ ಲೇಖನ ಅಚ್ಚಾಗಲೇ ಇಲ್ಲ. ಈಗಲೂ ಡ್ರಾಯರಿನಲ್ಲಿರಬೇಕು. ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮೇ ತಿಂಗಳ ವರಾಂಡದಲ್ಲಿ ನನ್ನ ಬಿಸ್ಕತ್ತು ಮಾತ್ರ ಬೇರೆ ತಟ್ಟೆಯಲ್ಲಿ ಇದ್ದೇ ಇರುತ್ತದೆ.

ಅತ್ತೆಯ ಮಾತನ್ನು ನಾನೇನೂ ಬಿಟ್ಟಿಲ್ಲ. ಪಕ್ಕದ ಮನೆಯ ಡಬರಿ ಬಂದರೆ ಈಗಲೂ ಒಂದು ಚಿಟಿಕೆ ಸಕ್ಕರೆ ಹಾಕಿಯೇ ಕೊಡುತ್ತೇನೆ. ಕಾಕ್ಸ್ ಟೌನಿನ ಪಾತ್ರೆಯನ್ನು ಮಾತ್ರ ಚೆನ್ನಾಗಿ ತೊಳೆದು ಹಾಗೇ ಕೊಡುತ್ತೇನೆ.